ಘಾಟಿ ಇಳಿದರೆ ಮುಗಿಯಿತೇ?

ಧರ್ಮಸ್ಥಳಕ್ಕೆ ನಡೆದು ಹೋಗಿ ಬಂದವರನ್ನು ಯಾರನ್ನಾದರೂ ಕೇಳಿ ನೋಡಿ. ಮೊದಲು ಬರುವುದು ಚಾರ್ಮಾಡಿ ಘಾಟಿಯ ಮಾತೇ. ಆ ತಿರುವುಗಳಂತೆ, ಆ ಪ್ರಪಾತವಂತೆ, ಕಾಡಂತೆ, ಆನೆಯಂತೆ! ಕೇಳಿ ಕೇಳಿ ನಾವೂ ಘಾಟಿಗೇ ಹೆದರಿಕೊಂಡು ಹೊರಟೆವು. “ಘಾಟಿ ಒಂದು ಇಳಿದುಬಿಟ್ರೆ ಆಯ್ತು ಕಣಮ್ಮ, ಆಮೇಲೆ ಬರೀ ರಸ್ತೆ, ಸ್ವಾಮಿಯೇ ಎಳ್ಕೊಳ್ತಾನೆ” ಎಂದು ನಮ್ಮ ಬೀದಿಯ ಹಿರಿಯರೊಬ್ಬರು ಧೈರ್ಯ ಹೇಳಿ ಕಳಿಸಿದ್ದರು. ಸೋದರಿಯರೇ, ನೀವು ಎಂದಾದರೂ ಈ ಯಾತ್ರೆಗೆ ಹೊರಟರೆ ಉಳಿದ ಎಲ್ಲರ ಮಾತನ್ನೂ ಕೇಳಿ, ಈ ಒಂದು ಮಾತನ್ನು ಮಾತ್ರ ನಂಬಬೇಡಿ. ನಮ್ಮನ್ನು ಕೆಡವಿದ್ದು ಘಾಟಿಯಲ್ಲ. ಘಾಟಿ ಇಳಿದ ಮಾರನೆಯ ದಿನ, ಅಂದರೆ ಕೊನೆಯ ದಿನ.

೨೦೨೪ನೇ ಇಸವಿಯ ಶಿವರಾತ್ರಿ ಮಾರ್ಚ್ ೮ರಂದು, ಶುಕ್ರವಾರ ಬಿದ್ದಿತ್ತು. ನಾವು ಒಂಬತ್ತು ಹೆಂಗಸರು ಮಾರ್ಚ್ ೩ರ ಭಾನುವಾರ ಬೆಳಗಿನ ಜಾವ ಕಡೂರಿನಿಂದ ಹೊರಟೆವು. ನಾಲ್ವರು ಕಡೂರಿನವರು, ಮೂವರು ತರೀಕೆರೆಯವರು, ಇಬ್ಬರು ಅಜ್ಜಂಪುರದವರು. ತರೀಕೆರೆಯ ರೈಲು ದಾರಿಯೂ ಅಜ್ಜಂಪುರದ ರೈಲು ದಾರಿಯೂ ಬೀರೂರಿನಲ್ಲಿ ಸೇರುತ್ತವಲ್ಲ, ಅವರೆಲ್ಲ ಹಿಂದಿನ ಸಂಜೆಯೇ ರೈಲಿನಲ್ಲಿ ಬಂದು ನಮ್ಮ ಮನೆಗಳಲ್ಲಿ ಉಳಿದಿದ್ದರು. ಕಡೂರಿನಿಂದ ಸಖರಾಯಪಟ್ಟಣ, ಅಲ್ಲಿಂದ ಚಿಕ್ಕಮಗಳೂರು, ಮೂಡಿಗೆರೆ, ಕೊಟ್ಟಿಗೆಹಾರ, ಆಮೇಲೆ ಘಾಟಿ ಇಳಿದು ಮುಂಡಾಜೆ, ಉಜಿರೆ, ಧರ್ಮಸ್ಥಳ. ಒಟ್ಟು ನೂರ ನಲವತ್ತು ಕಿಲೋಮೀಟರಿನ ಹತ್ತಿರ ಹತ್ತಿರ, ಆರು ದಿನದ ನಡಿಗೆ. ದೊಡ್ಡ ದೊಡ್ಡ ತಂಡದವರು ಹಾಸಿಗೆ, ಪಾತ್ರೆ, ಅಕ್ಕಿ ಎಲ್ಲ ಹೇರಿಕೊಂಡು ಗೂಡ್ಸ್ ಗಾಡಿಯನ್ನು ಹಿಂದೆ ಕರೆತರುತ್ತಾರೆ. ನಮಗೆ ಗಾಡಿ ಇರಲಿಲ್ಲ. ಮಕ್ಕಳ ಹಳೆಯ ಸ್ಕೂಲ್ ಬ್ಯಾಗುಗಳೇ ನಮ್ಮ ಬೆನ್ನಿಗೆ ಬಂದವು. ಎರಡು ಜೊತೆ ಬಟ್ಟೆ, ಒಂದು ಹೊದಿಕೆ, ನೀರಿನ ಬಾಟಲಿ, ಹುರಿಹಿಟ್ಟು, ಚಟ್ನಿಪುಡಿ, ಅವಲಕ್ಕಿ, ಟಾರ್ಚು. ಮನೆಯ ತಕ್ಕಡಿಯಲ್ಲಿ ತೂಗಿದರೆ ನನ್ನದು ಆರು ಕಿಲೋ. ಆರು ಕಿಲೋ ತಾನೇ, ಒಂದು ಕೂಸಿಗಿಂತ ಕಡಿಮೆ ಎಂದುಕೊಂಡಿದ್ದೆ. ಮೂರನೆಯ ದಿನಕ್ಕೆ ಅದೇ ಕೂಸು ಅರವತ್ತು ಕಿಲೋ ಆಗಿತ್ತು ಎನ್ನಿ!

ನನಗೇನೂ ಹರಕೆ ಇರಲಿಲ್ಲ. ನಿಜ ಹೇಳಬೇಕೆಂದರೆ ಜೀವನದಲ್ಲಿ ಒಂದು ಕೆಲಸವನ್ನಾದರೂ ನನಗಾಗಿ ಶುರುಮಾಡಿ ನಾನೇ ಮುಗಿಸಬೇಕೆಂಬ ಆಸೆ. ಹರಕೆ ಇದ್ದದ್ದು ನನ್ನ ನಾದಿನಿಗೆ. ಅವಳನ್ನು ಅಜ್ಜಂಪುರಕ್ಕೆ ಕೊಟ್ಟಿದೆ. ಹಿಂದಿನ ವರ್ಷ ಅವಳ ಯಜಮಾನರು ಬೈಕಿನಿಂದ ಬಿದ್ದು ನಾಲ್ಕು ದಿನ ಪ್ರಜ್ಞೆ ಇಲ್ಲದೆ ಮಲಗಿದ್ದಾಗ, “ಇವರು ಎದ್ದು ಕೂತರೆ ಬರಿಗಾಲಲ್ಲಿ ನಿನ್ನ ಸನ್ನಿಧಿಗೆ ನಡೆದು ಬರ್ತೀನಿ” ಎಂದು ಆಸ್ಪತ್ರೆಯ ಬಾಗಿಲಲ್ಲೇ ಕೈ ಮುಗಿದಿದ್ದಳು. ಅವರು ಎದ್ದು ಕೂತರು. ಇವಳು ನಡೆಯಲು ಹೊರಟಳು. ಅವಳಿಗೆ ಐದು ವರ್ಷದಿಂದ ಸಕ್ಕರೆ ಕಾಯಿಲೆ ಇತ್ತು. ನನಗೂ ಗೊತ್ತಿತ್ತು. “ಮಾತ್ರೆ ತಗೋತಾ ಇದೀನಲ್ಲ ಅತ್ತಿಗೆ, ನಡೆದರೆ ಶುಗರ್ ಕಮ್ಮಿನೇ ಆಗುತ್ತೆ” ಎಂದಳು. ಸರಿ ಎಂದುಕೊಂಡೆ.

ಮೊದಲ ನಾಲ್ಕು ದಿನದ ಕಥೆಯನ್ನು ಬೇಗ ಮುಗಿಸುತ್ತೇನೆ. ೨೦೨೩ರಲ್ಲಿ ಮಳೆ ಕೈಕೊಟ್ಟು ನಮ್ಮ ಕಡೂರಿನ ಕಡೆ ತೋಟಗಳೇ ಬಾಡಿದ್ದವು, ಬಿಸಿಲು ಹೇಗಿತ್ತು ಎಂದು ನೀವೇ ಊಹಿಸಿ. ಚಿಕ್ಕಮಗಳೂರು ದಾಟಿದ ಮೇಲೆ ಕಾಫಿ ತೋಟದ ನೆರಳು ಸಿಕ್ಕಿತು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಹತ್ತರವರೆಗೆ ನಡೆಯುವುದು, ಮಧ್ಯಾಹ್ನ ಯಾವುದಾದರೂ ದೇವಸ್ಥಾನದಲ್ಲಿ ಮಲಗುವುದು, ಬಿಸಿಲು ಇಳಿದ ಮೇಲೆ ಮತ್ತೆ ನಡೆಯುವುದು. ಎಲ್ಲರ ಕಾಲಲ್ಲೂ ಬೊಕ್ಕೆ. ಸಂಜೆ ಕೂತು ಒಬ್ಬರ ಕಾಲು ಇನ್ನೊಬ್ಬರು ನೋಡಿ ನಗುವುದೇ ಒಂದು ಮನರಂಜನೆ. ನನ್ನ ನಾದಿನಿ ಮಾತ್ರ ಕಾಲು ತೋರಿಸುತ್ತಿರಲಿಲ್ಲ. “ನಮ್ಮೂರು ಅಮೃತಮಹಲ್ ತಳಿಯದು ಕಣ್ರೇ! ಟಿಪ್ಪು ಸುಲ್ತಾನನ ತೋಪು ಎಳೆದ ಎತ್ತುಗಳ ಊರಿನವಳು ನಾನು, ನನಗೆ ಬೊಕ್ಕೆ ಬರುತ್ತಾ?” ಎಂದು ನಗಿಸುತ್ತಿದ್ದಳು. ಅಜ್ಜಂಪುರದಲ್ಲಿ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರ ಇರುವುದು ನಿಮಗೆ ಗೊತ್ತಲ್ಲ. ನಾವೆಲ್ಲ ಅವಳಿಗೆ ‘ಅಮೃತಮಹಲ್’ ಎಂದೇ ಹೆಸರಿಟ್ಟೆವು.

ಐದನೆಯ ದಿನ ಘಾಟಿ. ಕೊಟ್ಟಿಗೆಹಾರದಲ್ಲಿ ಬೆಳಗಿನ ಚಳಿಗೆ ಸ್ವೆಟರ್ ಹಾಕಿಕೊಂಡು ಅಲ್ಲಿಯ ಹೆಸರಾಂತ ನೀರುದೋಸೆ ತಿಂದು ಹೊರಟೆವು. ಹೆದರಿದ್ದೇ ಬಂತು, ಘಾಟಿ ಎಷ್ಟು ಚೆಂದ! ಮಳೆಗಾಲದಲ್ಲಿ ದಾರಿಯುದ್ದಕ್ಕೂ ಧುಮುಕುವ ಝರಿಗಳು ಮಾರ್ಚಿನಲ್ಲಿ ಒಣಗಿ ಬರೀ ಕಪ್ಪು ಬಂಡೆಯಾಗಿದ್ದವು. ಮೇಲಿನ ಗುಡ್ಡಗಳ ಹುಲ್ಲು ಹಳದಿಯಾಗಿತ್ತು, ಕೆಳಗಿನ ಕಣಿವೆಯಲ್ಲಿ ಮಾತ್ರ ಕಾಡು ಹಸಿರು. ೨೦೧೯ರ ಆಗಸ್ಟಿನ ಮಳೆಗೆ ಗುಡ್ಡ ಕುಸಿದು ರಸ್ತೆ ಮುಚ್ಚಿತ್ತಲ್ಲ, ಆ ಗಾಯದ ಗುರುತು ಅಲ್ಲಲ್ಲಿ ಕಾಣುತ್ತಿತ್ತು. ದಾರಿಯಲ್ಲಿ ಅಣ್ಣಪ್ಪ ಸ್ವಾಮಿಯ ಗುಡಿ ಇದೆ, ಅಲ್ಲಿ ನಿಂತು ಕಾಯಿ ಒಡೆಯದೆ ಲಾರಿಯವರೂ ಮುಂದೆ ಹೋಗುವುದಿಲ್ಲ. ನಾವೂ ಒಡೆಸಿದೆವು. ಒಂದು ಮಾತು ಹೇಳದೆ ಇರಲಾರೆ. ಅಷ್ಟು ಚೆಂದದ ಕಾಡಿನ ಅಂಚಿನುದ್ದಕ್ಕೂ ನಮ್ಮಂಥ ಯಾತ್ರಿಕರೇ ಎಸೆದ ನೀರಿನ ಬಾಟಲಿ, ಊಟದ ತಟ್ಟೆ. ದೇವರ ಹೆಸರು ಹೇಳಿಕೊಂಡು ಹೋಗುವವರು ದೇವರ ಅಂಗಳವನ್ನೇ ಹೀಗೆ ಮಾಡಬೇಕೆ? ನಮ್ಮ ಮನೆಯ ಅಂಗಳದಲ್ಲಿ ಹೀಗೆ ಎಸೆದಿದ್ದರೆ ಪೊರಕೆ ಹಿಡಿಯುತ್ತಿದ್ದೆವೋ ಇಲ್ಲವೋ!

ಇಳಿಯುವಾಗ ಉಸಿರಿಗೆ ಕಷ್ಟವಿಲ್ಲ, ಹರಟೆ ಹೊಡೆದುಕೊಂಡು ಇಳಿದೆವು. ಮೋಸ ಇರುವುದೇ ಅಲ್ಲಿ. ಹತ್ತುವಾಗ ಎದೆ ದುಡಿಯುತ್ತದೆ, ಇಳಿಯುವಾಗ ತೊಡೆ ದುಡಿಯುತ್ತದೆ. ಹೆಜ್ಜೆ ಹೆಜ್ಜೆಗೂ ಮೈಭಾರವನ್ನೂ ಬೆನ್ನಿನ ಭಾರವನ್ನೂ ತಡೆದು ಹಿಡಿಯುವುದು ತೊಡೆಯ ಮುಂಭಾಗದ ಸ್ನಾಯುಗಳು ಮತ್ತು ಮಂಡಿ. ಹಾಗೆ ತಡೆಹಿಡಿದ ಸ್ನಾಯುವಿನ ನೋವು ಆ ದಿನ ತಿಳಿಯುವುದಿಲ್ಲ, ಮಾರನೆಯ ದಿನ, ಅದರ ಮಾರನೆಯ ದಿನ ಏಳುತ್ತದೆ. ಮದುವೆ ಮನೆಯಲ್ಲಿ ದಿನವಿಡೀ ಮಹಡಿ ಹತ್ತಿ ಇಳಿದು ಎರಡು ದಿನ ಬಿಟ್ಟು ಕಾಲು ಹಿಡಿದುಕೊಳ್ಳುವುದಿಲ್ಲವೇ, ಹಾಗೆ. ಕಾಲ್ಬೆರಳುಗಳೂ ಚಪ್ಪಲಿಯ ಮುಂದಿನ ತುದಿಗೆ ಒತ್ತಿ ಒತ್ತಿ ಉಗುರಿನ ಕೆಳಗೆ ರಕ್ತ ಕಟ್ಟುತ್ತದೆ. ಹೊರಡುವ ಎರಡು ದಿನ ಮೊದಲೇ ಉಗುರು ಕತ್ತರಿಸಿಕೊಳ್ಳಿ. ಕಾಲು ಚೀಲದ ಮೇಲೆ ಪಟ್ಟಿ ಬಿಗಿಯುವ ಚಪ್ಪಲಿಯೋ, ಬೆರಳಿನ ಮುಂದೆ ಅರ್ಧ ಅಂಗುಲ ಜಾಗ ಇರುವ ಹಳೆಯ ಬೂಟೋ ಒಳ್ಳೆಯದು. ಹೊಸ ಬೂಟು ಮಾತ್ರ ಬೇಡವೇ ಬೇಡ.

ಸಂಜೆ ಹೊತ್ತಿಗೆ ಘಾಟಿಯ ಬುಡ ಸೇರಿ ಕಕ್ಕಿಂಜೆಯ ಕಡೆ ಬಂದಾಗ ಬೇರೆಯೇ ಲೋಕಕ್ಕೆ ಬಂದ ಹಾಗಾಯಿತು. ಅಂಗಡಿಯವರ ಮಾತು ತುಳು, ನಮ್ಮ ಜೊತೆ ಆಡುವ ಕನ್ನಡವೂ ಬೇರೆ. “ಬನ್ನಿ ಅಮ್ಮ, ಕೂತುಕೊಳ್ಳಿ, ಮಜ್ಜಿಗೆ ಕುಡಿಯಿರಿ” ಎಂದು ಗೃಹಿಣಿಯೊಬ್ಬರು ರಸ್ತೆ ಬದಿಗೆ ಕೊಡ ತಂದಿಟ್ಟುಕೊಂಡು ನಿಂತಿದ್ದರು. ಒಂದು ಶಾಲೆಯ ಜಗಲಿಯಲ್ಲಿ ಮಲಗಲು ಜಾಗ ಸಿಕ್ಕಿತು. ಸೆಕೆ! ಗಾಳಿ ಬಿಸಿಯಾದರೆ ತಡೆದೇವು, ಇದು ಒದ್ದೆ ಗಾಳಿ. ನಮ್ಮ ಬಯಲುಸೀಮೆಯಲ್ಲಿ ಬೆವರಿದ ತಕ್ಷಣ ಆರುತ್ತದೆ, ಆರುವಾಗ ಮೈ ತಂಪಾಗುತ್ತದೆ. ಘಟ್ಟದ ಕೆಳಗೆ ಬೆವರು ಆರುವುದೇ ಇಲ್ಲ. ಮೈ ತಂಪಾಗುವುದಿಲ್ಲ, ಉಪ್ಪು ನೀರು ಮಾತ್ರ ಹೋಗುತ್ತಲೇ ಇರುತ್ತದೆ. ಬೆಳಗ್ಗೆ ಸ್ವೆಟರ್ ಹಾಕಿದ್ದ ನಾವು ರಾತ್ರಿ ಸೆರಗಿನಿಂದ ಗಾಳಿ ಹಾಕಿಕೊಂಡು ಕೂತೆವು. ಆದರೂ ಎಲ್ಲರಿಗೂ ಖುಷಿ. “ಘಾಟಿ ಆಯ್ತಲ್ಲ, ನಾಳೆ ಇಪ್ಪತ್ತು ಕಿಲೋಮೀಟರ್ ಏನು ಮಹಾ!” ಎನ್ನುವುದೇ ಎಲ್ಲರ ಬಾಯಲ್ಲೂ.

ಈಗ ಕೊನೆಯ ದಿನಕ್ಕೆ ಬರುತ್ತೇನೆ.

ನಾಲ್ಕು ಗಂಟೆಗೆ ಎದ್ದರೆ ಯಾರಿಗೂ ಎದ್ದು ನಿಲ್ಲಲಾಗಲಿಲ್ಲ. ಕಂಬ ಹಿಡಿದು, ಗೋಡೆ ಹಿಡಿದು, ‘ಅಯ್ಯಮ್ಮಾ’ ಎಂದು ಏಳುವುದೇನು, ಜಗಲಿಯ ಎರಡು ಮೆಟ್ಟಿಲು ಇಳಿಯಲು ಹಿಂದು ಮುಂದಾಗಿ ನಡೆಯುವುದೇನು! ನಗು ತಡೆಯಲಾಗಲಿಲ್ಲ. ನೋವಿಲ್ಲದೆ ಇದ್ದವಳು ಒಬ್ಬಳೇ, ನನ್ನ ನಾದಿನಿ. ನಮ್ಮ ತಂಡದಲ್ಲಿ ತರೀಕೆರೆಯ ಹಿರಿಯರೊಬ್ಬರಿದ್ದರು, ನರ್ಸ್ ಕೆಲಸ ಮಾಡಿ ನಿವೃತ್ತರಾದವರು. ಎಲ್ಲರೂ ಅವರನ್ನು ಸಿಸ್ಟರಮ್ಮ ಎನ್ನುತ್ತಿದ್ದೆವು. ಆ ದಿನ ಅವರು ಸುಮ್ಮನೆ ಟಾರ್ಚ್ ತೆಗೆದುಕೊಂಡು ನಾದಿನಿಯ ಮುಂದೆ ಕೂತರು.

“ಕಾಲು ತೋರ್ಸು.”

“ಏನಿಲ್ಲ ಸಿಸ್ಟರಮ್ಮ, ನಂಗೇನೂ ನೋವಿಲ್ಲ.”

“ಅದಕ್ಕೇ ಕೇಳ್ತಿರೋದು. ಆರು ದಿನ ಬರಿಗಾಲಲ್ಲಿ ನಡೆದೋಳಿಗೆ ನೋವಿಲ್ಲ ಅಂದ್ರೆ ಏನರ್ಥ? ತೋರ್ಸು.”

ಅವಳು ಕಾಲಿಗೆ ಹಳೆಯ ಸೀರೆಯ ತುಂಡು ಸುತ್ತಿಕೊಂಡಿದ್ದಳು. ಬಿಚ್ಚಿದರೆ ಬಟ್ಟೆ ಒದ್ದೆ. ಬಲಗಾಲಿನ ಹೆಬ್ಬೆರಳಿನ ಕೆಳಗೆ, ನೆಲಕ್ಕೆ ಊರುವ ದಪ್ಪನೆಯ ಭಾಗದಲ್ಲಿ, ಹಳೆಯ ನಾಲ್ಕಾಣೆಯಷ್ಟಗಲ ಚರ್ಮ ಹೋಗಿತ್ತು. ಅಂಚು ಕಪ್ಪಾಗಿತ್ತು. ಒಳಗೆ ಸಣ್ಣ ಕಲ್ಲಿನ ಚೂರೊಂದು ಕೂತಿತ್ತು. ಕಲ್ಲು ಹೊಕ್ಕಿರುವುದೇ ಅವಳಿಗೆ ಗೊತ್ತಿರಲಿಲ್ಲ! ನನ್ನ ಕೈಕಾಲು ತಣ್ಣಗಾದವು.

ಸಕ್ಕರೆ ಕಾಯಿಲೆ ಹಳೆಯದಾದಂತೆ ಕಾಲಿನ ನರಗಳು ಮಂಕಾಗುತ್ತವೆ, ಚುಚ್ಚಿದರೂ ಸುಟ್ಟರೂ ತಿಳಿಯುವುದಿಲ್ಲ, ರಕ್ತದ ಓಡಾಟವೂ ಕಡಿಮೆಯಾಗಿ ಗಾಯ ಬೇಗ ಮಾಯುವುದಿಲ್ಲ, ಕೀವಾದರೆ ಮೂಳೆಯವರೆಗೂ ಇಳಿಯುತ್ತದೆ ಎಂದು ಸಿಸ್ಟರಮ್ಮ ಅಲ್ಲೇ ಹೇಳಿದರು. ನಾವು ಎಂಟು ಜನ ಬೊಕ್ಕೆಯ ನೋವಿಗೆ ಕೂಗಾಡುತ್ತಿದ್ದೆವಲ್ಲ, ನಮ್ಮ ಕಾಲು ನಮ್ಮ ಮಾತು ಕೇಳುತ್ತಿತ್ತು. ಸುಮ್ಮನಿದ್ದ ಕಾಲೇ ಕೆಟ್ಟಿತ್ತು. ಅವರು ಕಾಯಿಸಿ ಆರಿಸಿದ ನೀರಿನಿಂದ ತೊಳೆದು, ಶುದ್ಧ ಪಟ್ಟಿ ಕಟ್ಟಿ, “ಇವಳು ಇನ್ನು ಒಂದು ಹೆಜ್ಜೆಯೂ ಇಡಬಾರದು. ಬೆಳಗಿನ ಮೊದಲ ಬಸ್ಸಿಗೆ ಉಜಿರೆಗೆ ಕರ್ಕೊಂಡು ಹೋಗಿ ಡಾಕ್ಟರಿಗೆ ತೋರ್ಸಿ” ಎಂದು ನನ್ನ ಮುಖ ನೋಡಿದರು.

ನಾದಿನಿ ಅಳಲು ಶುರುಮಾಡಿದಳು. “ನೂರಿಪ್ಪತ್ತು ಕಿಲೋಮೀಟರ್ ನಡೆದು ಬಂದು ಕೊನೇಲಿ ಬಸ್ಸು ಹತ್ತಲಾ ಅತ್ತಿಗೆ? ಹರಕೆ ತಪ್ಪಿ ಅವರಿಗೇನಾದ್ರೂ ಆದ್ರೆ?”

ಓದುಗ ಸೋದರಿಯರೇ, ಈಗ ಬರೆಯುವ ಮಾತಿಗೆ ನನಗೆ ನಾಚಿಕೆಯಿದೆ. ಆ ಹೊತ್ತಿನಲ್ಲಿ ನಾನು ಅವಳ ಪರ ಮಾತನಾಡಿದೆ. “ಚಪ್ಪಲಿ ಹಾಕ್ಕೊಂಡು ನಿಧಾನಕ್ಕೆ ನಡೀಲಿ ಬಿಡಿ, ಇನ್ನೆಷ್ಟಿದೆ” ಎಂದೆ. ಅವಳ ಮೇಲಿನ ಕನಿಕರದಿಂದ ಹೇಳಿದೆ ಎಂದು ಎಲ್ಲರೂ ತಿಳಿದರು. ನಿಜ ಏನೆಂದರೆ, ಅವಳು ಬಸ್ಸು ಹತ್ತಿದರೆ ಅತ್ತಿಗೆಯಾದ ನಾನೂ ಹತ್ತಬೇಕಾಗುತ್ತಿತ್ತು. ನನಗೆ ನಡೆದು ಮುಗಿಸಬೇಕಿತ್ತು. ಸಿಸ್ಟರಮ್ಮ ಏನೂ ಹೇಳದೆ ತಮ್ಮ ಬ್ಯಾಗಿನಿಂದ ಇನ್ನೊಂದು ಜೊತೆ ಚಪ್ಪಲಿ ತೆಗೆದು ಅವಳ ಮುಂದಿಟ್ಟರು. ಅವಳ ಬ್ಯಾಗನ್ನು ನಾನು ಹೊತ್ತೆ.

ಹಾಗೆ ಹೊರಟೆವು. ಕತ್ತಲಲ್ಲಿ ಎಲ್ಲರೂ ಒಟ್ಟಾಗಿ, ಮುಂದೊಂದು ಹಿಂದೊಂದು ಟಾರ್ಚ್ ಹಿಡಿದು, ಎದುರು ಬರುವ ಗಾಡಿ ಕಾಣುವಂತೆ ರಸ್ತೆಯ ಬಲಬದಿಯಲ್ಲಿ ನಡೆದೆವು. ಆ ಕಡೆ ಆನೆ ಓಡಾಡುವ ಜಾಗ, ಒಬ್ಬಿಬ್ಬರೇ ನಡೆಯಬಾರದು. ಬೆಳಕು ಹರಿದಾಗ ಅಡಿಕೆ ತೋಟ, ರಬ್ಬರ್ ತೋಟ, ಕೆಂಪು ಹೆಂಚಿನ ಮನೆಗಳು. ಅಂಗಳದಲ್ಲೆಲ್ಲ ಅಡಿಕೆ ಒಣಗಲು ಹರಡಿದ್ದರು. ನಮ್ಮ ತರೀಕೆರೆಯವರು ಬೇಯಿಸಿದ ಕೆಂಪಡಿಕೆ ಮಾಡುವವರಲ್ಲವೇ, ಸಿಪ್ಪೆ ಸಮೇತ ಬಿಸಿಲಿಗೆ ಹಾಕಿದ ಈ ಚಾಲಿ ಅಡಿಕೆ ನೋಡಿ ಎರಡು ನಿಮಿಷ ನಿಂತು ವಿಚಾರಿಸಿಯೇ ಬಂದರು. ಬೊಕ್ಕೆ ಮರೆತುಹೋಗಿತ್ತು!

ಮುಂಡಾಜೆ ದಾಟುವಾಗ ಎಂಟೂವರೆ. ಅಷ್ಟು ಹೊತ್ತಿಗೇ ಬಿಸಿಲು ಚುರುಗುಟ್ಟುತ್ತಿತ್ತು. ಸಮತಟ್ಟು ಎಂದು ಹೇಳಿದ್ದ ರಸ್ತೆ ಸಮತಟ್ಟೇನೂ ಅಲ್ಲ, ಏರುತ್ತದೆ, ಇಳಿಯುತ್ತದೆ. ತೊಡೆ ನಡುಗುತ್ತದೆ. ಮೈಲಿಗಲ್ಲು ಎಣಿಸಲು ಶುರುಮಾಡಿದರೆ ಮುಗಿಯಿತು, ಒಂದೊಂದು ಕಿಲೋಮೀಟರೂ ಎರಡಾಗುತ್ತದೆ. ಘಾಟಿಯಲ್ಲಿ ಹೆದರಿಕೆ ಇತ್ತು, ಎಚ್ಚರ ಇತ್ತು. ನೀರು ಕುಡಿದೆವು, ಕೂತು ಎದ್ದೆವು, ಒಬ್ಬರಿಗೊಬ್ಬರು ಕಾದೆವು. ಇಲ್ಲಿ ಯಾರೂ ಕೂರಲಿಲ್ಲ, ಯಾರೂ ಕಾಯಲಿಲ್ಲ. ಮುಂದಿನವರು ಅರ್ಧ ಕಿಲೋಮೀಟರ್ ಮುಂದೆ. ಎಲ್ಲರಿಗೂ ತಲುಪಿಬಿಡುವ ಅವಸರ. ಅದರ ಮೇಲೆ ಶಿವರಾತ್ರಿಯ ಉಪವಾಸ ಬೇರೆ!

ಈ ಉಪವಾಸದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಮನೆಯಲ್ಲಿ ಕೂತು ಉಪವಾಸ ಮಾಡುವುದು ಬೇರೆ, ಸೆಕೆಯಲ್ಲಿ ಇಪ್ಪತ್ತು ಕಿಲೋಮೀಟರ್ ನಡೆಯುತ್ತಾ ಉಪವಾಸ ಮಾಡುವುದು ಬೇರೆ. ಬರೀ ನೀರು ಕುಡಿದರೂ ಸಾಲದು, ಬೆವರಿನಲ್ಲಿ ಹೋದ ಉಪ್ಪು ಬರಬೇಕು. ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಸಮ ಟೀ ಚಮಚ ಉಪ್ಪು, ಇದು ಎಲ್ಲರಿಗೂ ಗೊತ್ತಿರುವ ಲೆಕ್ಕ. ಉಪ್ಪು ಹೆಚ್ಚಾಗಬಾರದು. ಮಜ್ಜಿಗೆಗೆ ಉಪ್ಪು ಹಾಕಿ ಕುಡಿದರೂ ಒಳ್ಳೆಯದೇ. ಸಕ್ಕರೆ ಕಾಯಿಲೆಯವರಿಗಂತೂ ಮಾತ್ರೆ ನುಂಗಿ ಊಟ ಬಿಡುವುದು ಬಲು ಅಪಾಯ. ಮಾತ್ರೆಯೂ ಸಕ್ಕರೆ ಇಳಿಸುತ್ತದೆ, ನಡಿಗೆಯೂ ಇಳಿಸುತ್ತದೆ, ಹೊಟ್ಟೆಯಲ್ಲಿ ಏನೂ ಇಲ್ಲ. ಉಪವಾಸ ಮಾಡಲೇಬೇಕೆಂದಿದ್ದರೆ ಹೊರಡುವ ಮೊದಲೇ ಡಾಕ್ಟರನ್ನು ಕೇಳಿ, ಮಾತ್ರೆಯನ್ನು ನೀವೇ ಹೆಚ್ಚು ಕಡಿಮೆ ಮಾಡಬೇಡಿ.

ನಾದಿನಿ ಬೆಳಗ್ಗೆ ಮಾತ್ರೆ ನುಂಗಿದ್ದಳು. ಬಾಳೆಹಣ್ಣು ಕೊಟ್ಟರೆ ‘ಆಮೇಲೆ’ ಎಂದು ಬ್ಯಾಗಿಗೆ ಹಾಕಿಕೊಂಡಿದ್ದಳು. ಆ ಬ್ಯಾಗು ನನ್ನ ಬೆನ್ನ ಮೇಲೇ ಇತ್ತು!

ನಿಡಿಗಲ್‌ನಲ್ಲಿ ನೇತ್ರಾವತಿಗೆ ಸೇತುವೆ ಇದೆ. ಅದರ ಹತ್ತಿರ ಬಂದಾಗ ಅವಳು ಹಿಂದೆ ಬಿದ್ದಳು. ತಿರುಗಿ ನೋಡಿದರೆ ಸೇತುವೆಯ ಕಟ್ಟೆ ಹಿಡಿದು ನಿಂತಿದ್ದಾಳೆ. ಮುಖವೆಲ್ಲ ತಣ್ಣನೆ ಬೆವರು, ಕೈ ಗಡಗಡ ನಡುಗುತ್ತಿದೆ. “ಅಮೃತಮಹಲ್, ಏನಾಯ್ತೇ?” ಎಂದರೆ ಏನೋ ತೊದಲಿದಳು. ಸಿಸ್ಟರಮ್ಮ ಓಡಿ ಬಂದರು, ಪಾಪ, ಅರವತ್ತು ದಾಟಿದ ಮಂಡಿಗಳಲ್ಲಿ! ನನ್ನ ಲೋಟದಲ್ಲಿ ಸ್ವಲ್ಪ ನೀರಿಗೆ ನಾಲ್ಕು ಚಮಚ ಸಕ್ಕರೆ ಕಲಸಿ ಬಾಯಿಗಿಟ್ಟರು. ಅವಳು ತಲೆ ಅಲ್ಲಾಡಿಸಿ, “ಉಪವಾಸ” ಎಂದಳು. “ಕುಡಿ ಮೊದಲು! ಶಿವ ನನ್ನನ್ನ ಕೇಳ್ಲಿ, ನಾನು ಉತ್ತರ ಹೇಳ್ತೀನಿ” ಎಂದು ಗದರಿ ಕುಡಿಸಿದರು. ಕಾಲು ಗಂಟೆ ಬಿಟ್ಟು ಮತ್ತೊಮ್ಮೆ. ಆಮೇಲೆ ಬಾಳೆಹಣ್ಣು. ನಿಧಾನಕ್ಕೆ ಅವಳ ಕಣ್ಣು ಸರಿಯಾಯಿತು. ಇಂಥ ಹೊತ್ತಿನಲ್ಲಿ ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನೂ ಹಾಕಬಾರದಂತೆ, ಉಸಿರಿನ ದಾರಿಗೆ ಹೋಗುತ್ತದೆ. ಅವರನ್ನು ನೇರ ಆಸ್ಪತ್ರೆಗೇ ಕರೆದೊಯ್ಯಬೇಕು.

ಅಲ್ಲಿಗೆ ನನ್ನ ನಡಿಗೆ ಮುಗಿಯಿತು. ನಾನು ಆಟೋ ನಿಲ್ಲಿಸಿದೆ. ನಾದಿನಿ ಆಗಲೂ ಹತ್ತಲೊಲ್ಲೆ ಎಂದು ಕೂತುಬಿಟ್ಟಳು. ಸಿಸ್ಟರಮ್ಮ ಅವಳ ಪಕ್ಕ ರಸ್ತೆಯಲ್ಲೇ ಕೂತು, “ನೀನು ಗಂಡನ ಪ್ರಾಣ ಉಳಿಸು ಅಂತ ಕೇಳ್ಕೊಂಡೆ. ಬದಲಿಗೆ ಒಂದು ಕಾಲು ಕೊಡ್ತೀನಿ ಅಂತ ಹೇಳ್ಕೊಂಡಿದ್ಯಾ?” ಎಂದು ಕೇಳಿದರು. ಅವಳು ಮಾತಾಡಲಿಲ್ಲ. ನಾನು ಅಜ್ಜಂಪುರಕ್ಕೆ ಫೋನ್ ಹಚ್ಚಿ ಅವಳ ಕೈಗೆ ಕೊಟ್ಟೆ. ಆ ಕಡೆಯಿಂದ ಅವಳ ಯಜಮಾನರು ಏನು ಹೇಳಿದರೋ ನಾನು ಕೇಳಲಿಲ್ಲ. ಫೋನ್ ವಾಪಸ್ ಕೊಟ್ಟು ಎದ್ದು ಆಟೋ ಹತ್ತಿದಳು. ನಾನೂ ಹತ್ತಿದೆ. ಹಿಂದಕ್ಕೆ ನೋಡಿದರೆ ಏಳು ಜನ ಸೆರಗು ಬಿಗಿದುಕೊಂಡು ನಡೆದು ಬರುತ್ತಿದ್ದರು. ಹೊಟ್ಟೆ ಉರಿಯಿತು ಎಂದರೆ ಸುಳ್ಳಲ್ಲ. ಸಿಟ್ಟೂ ಬಂತು. ನಾಲ್ಕು ಗಂಟೆಗೇ ಬಸ್ಸಿಗೆ ಕಾದು ಹೊರಟಿದ್ದರೆ ಅವಳ ಕಾಲು ಆ ಹತ್ತು ಹನ್ನೆರಡು ಕಿಲೋಮೀಟರ್ ಸವೆಯುತ್ತಿರಲಿಲ್ಲವಲ್ಲ ಎಂದು ಹೊಳೆದ ಮೇಲೆ ಆ ಸಿಟ್ಟು ನನ್ನ ಮೇಲೆಯೇ ತಿರುಗಿತು.

ಉಜಿರೆಯಲ್ಲಿ ಡಾಕ್ಟರು ಗಾಯವನ್ನು ಶುದ್ಧಮಾಡಿ, ಇಂಜೆಕ್ಷನ್ ಕೊಟ್ಟು, ಕಾಲು ನೆಲಕ್ಕೂರಬಾರದು, ಊರಿಗೆ ಹೋದ ಕೂಡಲೇ ತೋರಿಸಿ ಎಂದು ಚೀಟಿ ಬರೆದುಕೊಟ್ಟರು. ಅಲ್ಲಿಂದ ಒಂಬತ್ತು ಕಿಲೋಮೀಟರ್ ಧರ್ಮಸ್ಥಳಕ್ಕೆ. ಆಟೋದ ಎರಡೂ ಬದಿಗೆ ನಡೆದು ಹೋಗುವ ಜನವೋ ಜನ. ಹಾಸನದವರು, ತುಮಕೂರಿನವರು, ಬೆಂಗಳೂರಿನವರು, ಕೋಲು ಹಿಡಿದ ಮುದುಕರು, ಮಗುವನ್ನು ಹೆಗಲಿಗೇರಿಸಿದ ಅಪ್ಪಂದಿರು. ಎಲ್ಲರೂ ಕುಂಟುತ್ತಿದ್ದರು. ನಾದಿನಿ ದಾರಿಯುದ್ದಕ್ಕೂ ತಲೆ ತಗ್ಗಿಸಿ ಕೂತಿದ್ದಳು.

ನೇತ್ರಾವತಿಯ ಸ್ನಾನಘಟ್ಟದಲ್ಲಿ ಇಳಿದೆವು. ಅವಳ ಕಾಲಿಗೆ ನೀರು ತಾಗಬಾರದು. ಮೆಟ್ಟಿಲ ಮೇಲೆ ಕೂರಿಸಿ ಒಂದು ಚೊಂಬು ನೀರು ತಂದು ತಲೆಯ ಮೇಲೆ ಪ್ರೋಕ್ಷಿಸಿದೆ. “ಅತ್ತಿಗೆ, ನೀವೂ ನನ್ನಿಂದ ನಿಂತುಬಿಟ್ರಿ” ಎಂದಳು. ಬೆಳಗಿನ ವಿಷಯ ಆಗ ಅವಳಿಗೆ ಹೇಳಿದೆ. ಏಕೆ ಅವಳ ಪರ ಮಾತಾಡಿದೆ ಎಂದು. ಅವಳು ಬಹಳ ಹೊತ್ತು ಹೊಳೆ ನೋಡುತ್ತಾ ಕೂತು, “ನಂಗೆ ಗೊತ್ತಿತ್ತು” ಎಂದಳು. ಅಷ್ಟೇ.

ಉಳಿದವರು ಮೂರು ಗಂಟೆಯ ಹೊತ್ತಿಗೆ ಬಂದು ಸೇರಿದರು. ದರ್ಶನದ ಸಾಲಿನಲ್ಲಿ ನಿಂತು, ಸಂಜೆ ಆರಕ್ಕೆ ಶುರುವಾಗುವ ಪಂಚಾಕ್ಷರಿ ಪಠಣದಲ್ಲಿ ಕೂತು, ರಾತ್ರಿಯೆಲ್ಲ ಜಾಗರಣೆ ಮಾಡಿದೆವು. ಜಾಗರಣೆ ಏನು, ತೊಡೆನೋವಿಗೆ ನಿದ್ದೆ ಬಂದರೆ ತಾನೇ! ನಾದಿನಿ ಸನ್ನಿಧಿಯಲ್ಲಿ ಏನು ಹೇಳಿಕೊಂಡಳು ಎಂದು ನಾನು ಕೇಳಿಲ್ಲ.

ಗಾಯ ಮಾಯಲು ಯುಗಾದಿ ಕಳೆದು ವೈಶಾಖ ಬಂತು. ದಿನಬಿಟ್ಟು ದಿನ ಡ್ರೆಸ್ಸಿಂಗ್, ಎರಡು ತಿಂಗಳು ಅಡಿಗೆಮನೆಗೆ ಕುರ್ಚಿ ಹಾಕಿಕೊಂಡು ಕೂತೇ ಕೆಲಸ. ಬೆರಳು ಉಳಿಯಿತು. ಈಗ ಅವಳ ದೇವರ ಕೋಣೆಯ ಪಕ್ಕದಲ್ಲಿ ಒಂದು ಕೈಗನ್ನಡಿ ನೇತುಹಾಕಿದೆ. ರಾತ್ರಿ ಮಲಗುವ ಮುಂಚೆ ಅಂಗಾಲಿನ ಕೆಳಗೆ ಹಿಡಿದು ಎರಡೂ ಕಾಲು ನೋಡಿಕೊಳ್ಳುತ್ತಾಳೆ, ಬೆರಳ ಸಂದಿ ಒರೆಸಿಕೊಳ್ಳುತ್ತಾಳೆ. ಮನೆಯೊಳಗೂ ಚಪ್ಪಲಿ. ಅತ್ತೆಯವರು ಮೊದಮೊದಲು ಗೊಣಗಿದರಂತೆ, ಈಗ ಅವರೇ ‘ಚಪ್ಪಲಿ ಎಲ್ಲಿ’ ಎನ್ನುತ್ತಾರಂತೆ. ನಿಮ್ಮಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಇದ್ದರೆ ಬರಿಗಾಲಿನ ಹರಕೆಯನ್ನು ದಯವಿಟ್ಟು ಹೊರಬೇಡಿ. ಹೊತ್ತಾಗಿದ್ದರೆ ಹೊರಡುವ ಮುನ್ನ ಡಾಕ್ಟರಿಗೆ ಕಾಲು ತೋರಿಸಿ, ಮನೆಯ ಹಿರಿಯರ ಹತ್ತಿರ ಕೂತು ಬೇರೆ ಸೇವೆಗೆ ಬದಲಿಸಿಕೊಳ್ಳಿ. ಉಳಿದವರಿಗೂ ಒಂದು ಮಾತು: ಸಣ್ಣ ಬೊಕ್ಕೆಯನ್ನು ಒಡೆಯಬೇಡಿ, ತಾನೇ ಒಡೆದರೆ ಮೇಲಿನ ಚರ್ಮ ಕಿತ್ತು ಎಸೆಯಬೇಡಿ. ತೊಳೆದು ಶುದ್ಧ ಪಟ್ಟಿ ಕಟ್ಟಿದರೆ ಆ ಚರ್ಮವೇ ಕಾಪಾಡುತ್ತದೆ.

ಇನ್ನೊಂದು ವಿಷಯ, ಬಹಳ ಜನ ಗುಟ್ಟಾಗಿ ಕೇಳುತ್ತಾರೆ. ಮುಟ್ಟು ಮುಂದೂಡುವ ಮಾತ್ರೆಯನ್ನು ಅಂಗಡಿಯಿಂದ ತಂದು ನುಂಗಿ ಹೊರಡುವವರಿದ್ದಾರೆ. ಅವರಿವರು ಹೇಳಿದರೆಂದು ತೆಗೆದುಕೊಳ್ಳುವ ಮಾತ್ರೆಯಲ್ಲ ಅದು, ಕೆಲವರಿಗೆ ಆಗುವುದಿಲ್ಲ. ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಿ. ದಾರಿಯಲ್ಲೇ ಆದರೆ ಏನು ಮಾಡುವುದು ಎಂದರೆ, ನಮ್ಮ ತಂಡದ ಒಬ್ಬ ಹುಡುಗಿಗೆ ಮೂಡಿಗೆರೆಯಲ್ಲಿ ಆಯಿತು. ಅವಳು ನಮ್ಮ ಜೊತೆಯೇ ನಡೆದಳು, ಜೊತೆಯೇ ಉಂಡಳು. ಗುಡಿಯೊಳಗೆ ಬರುವುದು ಬಿಡುವುದು ಅವಳ ಮನಸ್ಸಿಗೆ ಬಿಟ್ಟೆವು.

೨೦೨೫ರ ಫೆಬ್ರವರಿ ೨೬ರ ಶಿವರಾತ್ರಿಗೆ ನಮ್ಮ ತಂಡದ ಆರು ಜನ ಮತ್ತೆ ಹೋದರು. ಈ ಸಲ ಘಾಟಿಯ ಕೆಳಗೆ ಒಂದು ಪೂರ್ತಿ ದಿನ ವಿಶ್ರಾಂತಿ ತೆಗೆದುಕೊಂಡು ಆಮೇಲೆ ಕೊನೆಯ ದಿನದ ನಡಿಗೆ ಇಟ್ಟುಕೊಂಡರು. ಸಿಸ್ಟರಮ್ಮ ಹಾಕಿಕೊಟ್ಟ ಲೆಕ್ಕ. ನಾನು ಹೋಗಲಿಲ್ಲ, ನಾದಿನಿಯೂ ಹೋಗಲಿಲ್ಲ. ಹೊರಡುವ ಎರಡು ದಿನ ಮುಂಚೆ ಅವಳು ಅಜ್ಜಂಪುರದಿಂದ ಬಂದು ನಮ್ಮ ಮನೆಯಲ್ಲೇ ಉಳಿದಳು, ಇಬ್ಬರೂ ಕೂತು ಅವರಿಗೆ ಹುರಿಹಿಟ್ಟು ಮಾಡಿಕೊಟ್ಟೆವು.

ಒಂದು ಸೇರು ರಾಗಿಯನ್ನು ತೊಳೆದು ನೀರು ಬಸಿದು, ಒಂದು ಹಿಡಿ ಹುಳಿ ಮಜ್ಜಿಗೆ ಚಿಮುಕಿಸಿ ರಾತ್ರಿ ಬಟ್ಟೆಯಲ್ಲಿ ಕಟ್ಟಿಡಿ. ಬೆಳಗ್ಗೆ ನೆರಳಲ್ಲಿ ಹರಡಿ, ಪಸೆ ಆರಿದ ಮೇಲೆ ದಪ್ಪ ತಳದ ಬಾಣಲೆ ಚೆನ್ನಾಗಿ ಕಾಯಿಸಿ ಒಂದೊಂದೇ ಹಿಡಿ ಹಾಕಿ ಹುರಿಯಿರಿ. ಚಟಪಟ ಅರಳಿ ಬೆಳ್ಳಗಾಗುತ್ತದೆ, ಸೀಯಬಾರದು. ಆರಿದ ಮೇಲೆ ಮಿಷನ್‌ಗೆ ಹಾಕಿಸಿ. ಹುರಿಗಡಲೆ ಹಿಟ್ಟು ಕಾಲು ಪಾಲು, ಏಲಕ್ಕಿ, ಪುಡಿಮಾಡಿದ ಬೆಲ್ಲ ಬೆರೆಸಿ ಡಬ್ಬಕ್ಕೆ ತುಂಬಿ. ಸಕ್ಕರೆ ಕಾಯಿಲೆಯವರದ್ದನ್ನು ಬೆಲ್ಲ ಹಾಕದೆ ಬೇರೆ ಕಟ್ಟಿ, ಅವರು ಉಪ್ಪು ಮಜ್ಜಿಗೆಯಲ್ಲಿ ಕಲಸಿಕೊಳ್ಳಲಿ. ಆದರೆ ಅವರ ಬ್ಯಾಗಿನ ಹೊರಜೇಬಿನಲ್ಲಿ, ಕೈಗೆ ತಕ್ಷಣ ಸಿಗುವ ಹಾಗೆ, ಒಂದು ಸಣ್ಣ ಪೊಟ್ಟಣ ಸಕ್ಕರೆ ಇಡುವುದನ್ನು ಮರೆಯಬೇಡಿ. ಒಣಕೊಬ್ಬರಿ ತುರಿ ಬೇಕೆನ್ನುವವರು ಅದನ್ನು ಬೇರೆ ಪೊಟ್ಟಣದಲ್ಲಿ ಒಯ್ಯಿರಿ, ಘಟ್ಟದ ಕೆಳಗಿನ ಸೆಕೆಗೆ ಬೇಗ ಮುಗ್ಗುತ್ತದೆ.